‘ಪ್ರೆಶರ್’ ಎಂಬ ಒಂದು ಮಾತಿಗೆ ಕನ್ನಡದಲ್ಲಿ ಎಷ್ಟು ಪದ ಬೇಕು?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಶವರಿನಲ್ಲಿ ಬಿಸಿನೀರು ಜೋರಾಗಿ ಬರಬೇಕಾದರೆ ಮನೆಗೆ ಎಂಥ ವ್ಯವಸ್ಥೆಯನ್ನು ಆರಿಸಿಕೊಳ್ಳಬೇಕು ಎಂಬುದನ್ನು ತಿಳಿಸುವ ಚಿಕ್ಕದೊಂದು ಕೈಪಿಡಿಯನ್ನು, ಬಾಗಲಕೋಟೆಯ ನವನಗರದ ನಮ್ಮ ಓಣಿಯವರಿಗೆ ಹಂಚುವುದಕ್ಕೆಂದು ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿ ನನಗೆ ತೊಡಕಾಗಿರುವುದು ‘ಪ್ರೆಶರ್’ ಎಂಬ ಮಾತು. ಅಂಗಡಿಯವರು, ನಳದ ಕೆಲಸದವರು, ಮನೆಯವರು ಎಲ್ಲರೂ ಈ ಒಂದೇ ಮಾತಿನಿಂದ ಬೇರೆ ಬೇರೆ ಸಂಗತಿಗಳನ್ನು ಹೇಳುತ್ತಾರೆ. ಎಲ್ಲ ಕಡೆಯೂ ಕಣ್ಣುಮುಚ್ಚಿ ‘ಒತ್ತಡ’ ಎಂದು ಬರೆದುಬಿಟ್ಟರೆ, ಓದಿದವರು ತಮಗೆ ಬೇಡವಾದ ಗೀಸರನ್ನು ಕೊಂಡು ತರುವ ಸಂಭವವಿದೆ.

ಮಾಳಿಗೆಯ ಮೇಲಿನ ನೀರಿನ ಟಾಕಿಯ (ಟ್ಯಾಂಕಿನ) ಎತ್ತರದಿಂದ ಹುಟ್ಟುವುದನ್ನು ಒತ್ತಡ ಎನ್ನುವುದರಲ್ಲಿ ಅನುಮಾನವಿಲ್ಲ. 10 ಮೀಟರ್ ಎತ್ತರದ ನೀರು ಸುಮಾರು 1 ಬಾರ್ ಒತ್ತಡ ಕೊಡುತ್ತದೆ. ಶವರಿಗಿಂತ ಟಾಕಿಯ ನೀರು 3 ಮೀಟರ್ ಮೇಲಿದ್ದರೆ ಸಿಗುವುದು 0.3 ಬಾರ್ ಅಷ್ಟೇ. ತೊಂದರೆ ಬರುವುದು ಗೀಸರಿನ ಚೀಟಿಯ ಮೇಲೆ ‘8 ಬಾರ್’ ಅಥವಾ ‘0.8 ಮೆಗಾಪ್ಯಾಸ್ಕಲ್’ ಎಂದು ಅಚ್ಚಾಗಿರುವ ಅಂಕಿಯಲ್ಲಿ. ಅದು ಒಳಗಿನ ತೊಟ್ಟಿ ಎಷ್ಟು ಒತ್ತಡವನ್ನು ತಡೆದುಕೊಳ್ಳಬಲ್ಲದು ಎಂಬ ಲೆಕ್ಕವೇ ಹೊರತು ಎಷ್ಟು ಒತ್ತಡವನ್ನು ಕೊಡುತ್ತದೆ ಎಂಬುದಲ್ಲ. ‘ಎಂಟ್ ಬಾರ್ ಪ್ರೆಶರ್ ಐತ್ರಿ, ಶವರ್ ಭಾರಿ ಬರ್ತೈತಿ’ ಎಂಬ ಮಾತನ್ನು ನಂಬಿದವರ ಮನೆಯಲ್ಲಿ ಟಾಕಿ ಇದ್ದಲ್ಲೇ ಇರುತ್ತದೆ, ನೀರೂ ಮೊದಲಿನಷ್ಟೇ ಬರುತ್ತದೆ. ಇದಕ್ಕೆ ನಾನು ‘ತಾಳುವ ಒತ್ತಡ’ ಎಂದು ಬರೆದಿದ್ದೇನೆ. ಸ್ನೇಹಿತರೊಬ್ಬರು ‘ಧಾರಣ ಒತ್ತಡ’ ಎಂದು ಸೂಚಿಸಿದರು, ಆದರೆ ನಮ್ಮ ಕಡೆ ಧಾರಣಿ ಎಂದರೆ ಪೇಟೆಯಲ್ಲಿ ಹತ್ತಿಗೋ ಮೆಕ್ಕೆಜೋಳಕ್ಕೋ ಸಿಗುವ ದರ; ಓದುವವರು ಅಲ್ಲಿ ಖಂಡಿತ ಎಡವುತ್ತಾರೆ.

ಈ ಭೇದ ಬರಿಯ ಪದದ ಹಟವಲ್ಲ. ಶವರಿಗೆ ಬಲ ಬರಲೆಂದು ಬೂಸ್ಟರ್ ಪಂಪ್ ಕೂಡಿಸುವವರು, ಪಂಪಿನ ಒತ್ತಡವನ್ನು ತಾಳುವ ಗೀಸರನ್ನೇ ಆರಿಸಬೇಕಾಗುತ್ತದೆ, ಬಿಸಿನೀರು ತಣ್ಣೀರು ಎರಡೂ ಕೊಳವೆಗಳಿಗೆ ಪಂಪಿನ ಬಲ ಸಿಗುವಂತೆಯೂ ನೋಡಿಕೊಳ್ಳಬೇಕಾಗುತ್ತದೆ. ಮಾಳಿಗೆಯ ಮೇಲಿನ ಸಾಮಾನ್ಯ ಗಾಜಿನ ಕೊಳವೆಯ ಸೋಲಾರಿನಲ್ಲಾದರೆ ತೊಟ್ಟಿ ಗಾಳಿಕೊಳವೆಯ ಮೂಲಕ ಹೊರಗಾಳಿಗೆ ತೆರೆದಿರುತ್ತದೆ; ಹೆಚ್ಚಿನ ಒತ್ತಡವನ್ನು ತಾಳುವಂತೆ ಅದನ್ನು ಮಾಡಿರುವುದಿಲ್ಲ. ಆದ್ದರಿಂದ ಪಂಪನ್ನು ಅದರೊಳಗೆ ನೀರು ತಳ್ಳುವಂತೆ ಇಡಬಾರದು, ಅದರಿಂದ ಹೊರಬರುವ ಕೊಳವೆಗೆ ಇಡಬೇಕು. ‘ಒತ್ತಡ’ ಎಂಬ ಒಂದೇ ಪದದಿಂದ ಇದನ್ನು ತಿಳಿಯಹೇಳಲು ನನಗೆ ಸಾಧ್ಯವಾಗಲಿಲ್ಲ.

ಇನ್ನು ‘ನೀರಿಗೆ ಪ್ರೆಶರ್ ಇಲ್ಲ’ ಎಂದು ಜನ ದೂರುವಾಗ ಬಹುಪಾಲು ಅವರ ಮನಸ್ಸಿನಲ್ಲಿರುವುದು ಒತ್ತಡವೇ ಅಲ್ಲ. ಇಲ್ಲಿಯ ಬೋರಿನ ಸವಳು ನೀರಿನಿಂದ ಶವರಿನ ತೂತುಗಳಲ್ಲಿ ಬಿಳಿಯ ಉಪ್ಪು ಕಟ್ಟಿಕೊಂಡರೆ, ಟಾಕಿಯ ಒತ್ತಡ ಇದ್ದಷ್ಟೇ ಇದ್ದು, ಬೀಳುವ ನೀರು ಮಾತ್ರ ಕಡಿಮೆಯಾಗುತ್ತದೆ. ನಿಮಿಷಕ್ಕೆ ಇಷ್ಟು ಲೀಟರ್ ಎನ್ನುವ ಈ ಅಳತೆಗೆ ‘ಹರಿವು’ ಸರಿಯಾದ ಪದವೆಂದು ನನ್ನ ಬಲವಾದ ಅಭಿಪ್ರಾಯ. ಆಲಮಟ್ಟಿ ಜಲಾಶಯದ ಒಳಹರಿವು, ಹೊರಹರಿವು ಎಷ್ಟು ಕ್ಯುಸೆಕ್ ಎಂದು ಮಳೆಗಾಲದುದ್ದಕ್ಕೂ ಪತ್ರಿಕೆಯಲ್ಲಿ ಓದುವ ಈ ಭಾಗದವರಿಗೆ ಆ ಪದವನ್ನು ಹೊಸದಾಗಿ ಕಲಿಸಬೇಕಾಗಿಲ್ಲ.

ಆದರೆ ಹರಿವೂ ಒತ್ತಡವೂ ಅಲ್ಲದ ಇನ್ನೊಂದು ಉಳಿಯುತ್ತದೆ. ನಳದ ಬಾಯಿಗೆ ಹೆಬ್ಬೆರಳನ್ನು ಅರ್ಧ ಒತ್ತಿ ಹಿಡಿದು ನೋಡಿ: ನೀರು ಚಿಮ್ಮಿ ಎದುರಿನ ಗೋಡೆಗೆ ಬಡಿಯುತ್ತದೆ, ಆದರೆ ಬಕೆಟ್ ತುಂಬುವುದು ಮೊದಲಿಗಿಂತ ನಿಧಾನ. ಹರಿವು ಇಳಿಯಿತು, ಏರಿದ್ದು ಮೈಗೆ ತಾಗುವ ವೇಗ. ಸಣ್ಣ ತೂತಿನ ಶವರುಗಳು ಕಡಿಮೆ ನೀರಿನಲ್ಲೂ ಜೋರೆನಿಸುವುದು ಇದರಿಂದಲೇ. ಇದಕ್ಕೆ ‘ರಭಸ’ ಎನ್ನಲೇ, ‘ಬಿರುಸು’ ಎನ್ನಲೇ? ‘ಸೆಳವು’ ಎಂಬುದನ್ನೂ ಯೋಚಿಸಿದೆ. ಅದು ಹೊಳೆಗೆ ಒಪ್ಪುವ ಮಾತು, ಎಳೆದೊಯ್ಯುವ ಅರ್ಥ ಅದರಲ್ಲಿ ಗಟ್ಟಿಯಾಗಿದೆ. ನನ್ನ ಒಲವು ‘ಬಿರುಸು’ ಎಂಬುದರ ಕಡೆಗಿದೆ.

‘ಲೀಟರ್’ ಕೂಡ ಇಂಥದೇ ಗೊಂದಲ ಮಾಡುತ್ತದೆ. ವಿದ್ಯುತ್ ಗೀಸರಿಗೆ 6 ಲೀಟರ್ ಎಂದರೆ ಒಳಗೆ ಹಿಡಿಯುವ ನೀರು. ಗ್ಯಾಸ್ ಗೀಸರಿಗೆ 6 ಲೀಟರ್ ಎಂದರೆ ನಿಮಿಷಕ್ಕೆ ಕಾಸಿಕೊಡುವ ನೀರು. ಮೊದಲನೆಯದನ್ನು ‘ಹಿಡಿತ’ ಎಂದೂ ಎರಡನೆಯದನ್ನು ‘ಕಾಸುವ ಹರಿವು’ ಎಂದೂ ಬರೆದಿದ್ದೇನೆ. (ಗ್ಯಾಸಿನದನ್ನು ಬಚ್ಚಲಮನೆಯ ಹೊರಗೇ ಕೂಡಿಸಬೇಕು, ಮುಚ್ಚಿದ ಕೋಣೆಯಲ್ಲಿ ಅದರ ಹೊಗೆಯಿಂದ ಜೀವಕ್ಕೆ ಅಪಾಯವಿದೆ.) ಲೆಕ್ಕ ಹಾಕಿದರೆ ಈ ಭೇದ ಎದ್ದು ಕಾಣುತ್ತದೆ. ಚಳಿಗಾಲದಲ್ಲಿ 20 ಡಿಗ್ರಿಯ ನೀರನ್ನು 40 ಡಿಗ್ರಿಗೆ ಏರಿಸುವಾಗ 3 ಕಿಲೋವ್ಯಾಟಿನ ಇನ್‌ಸ್ಟಂಟ್ (ನೀರು ಹರಿಯುತ್ತಿರುವಾಗಲೇ ಕಾಸುವ) ಗೀಸರ್ ನಿಮಿಷಕ್ಕೆ ಸುಮಾರು 2 ಲೀಟರ್ ಮಾತ್ರ ಕಾಸಬಲ್ಲದು. ಜೋರಾದ ಶವರಿಗೆ 10 ಲೀಟರಿನಷ್ಟು ಬೇಕು. ಅಷ್ಟನ್ನು ಹರಿಯುತ್ತಲೇ ಕಾಸಲು 14 ಕಿಲೋವ್ಯಾಟ್ ಬೇಕಾಗುತ್ತದೆ. 25 ಲೀಟರ್ ಹಿಡಿತದ ಗೀಸರಿನಲ್ಲಿ ನೀರು 60 ಡಿಗ್ರಿಗೆ ಕಾದಿದ್ದರೆ, ತಣ್ಣೀರು ಬೆರೆಸಿ 40 ಡಿಗ್ರಿಯ ನೀರು ಹೆಚ್ಚೆಂದರೆ 50 ಲೀಟರ್, ಅಂದರೆ ಜೋರು ಶವರಿನಲ್ಲಿ ಐದು ನಿಮಿಷದ ಜಳಕ.

ಕಡೆಯದಾಗಿ ‘ಬಂಬ’ದ ವಿಚಾರ. ಬೆಳಗಾವಿ, ಬಾಗಲಕೋಟೆ ಕಡೆಯ ಹಳೆಯ ಮನೆಗಳಲ್ಲಿ ತಾಮ್ರದ ಬಂಬದಲ್ಲಿ ನೀರು ಕಾಸುತ್ತಿದ್ದುದನ್ನು ಅನೇಕರು ಬಲ್ಲಿರಿ. ಕೆಲವು ಬಂಬಗಳಲ್ಲಿ ಮೇಲಿನ ಬಾಯಿಗೆ ಒಂದು ಚರಿಗಿ ತಣ್ಣೀರು ಹೊಯ್ದರೆ ಅಷ್ಟೇ ಬಿಸಿನೀರು ಹೊರಬರುತ್ತದೆ. ತೊಟ್ಟಿಯ ಗೀಸರಿನದೂ ಅದೇ ಕ್ರಮ: ತಳದಿಂದ ಹೊಕ್ಕ ತಣ್ಣೀರು ಮೇಲಿನ ಬಿಸಿನೀರನ್ನು ಹೊರಗೆ ನೂಕುತ್ತದೆ, ಗೀಸರ್ ತಾನಾಗಿ ಏನನ್ನೂ ನೂಕುವುದಿಲ್ಲ. ಹೀಗಾಗಿ ತೊಟ್ಟಿಯ ಗೀಸರನ್ನು ಕೈಪಿಡಿಯಲ್ಲಿ ‘ಕರೆಂಟಿನ ಬಂಬ’ ಎಂದು ಕರೆಯಬೇಕೆಂಬ ಆಸೆ ನನಗಿದೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ ಕಡೆಯವರಿಗೆ ಬಂಬ ಎಂದರೆ ಇದೇ ಪಾತ್ರೆಯೇ ಹೊಳೆಯುತ್ತದೆಯೇ, ಅಥವಾ ಅಲ್ಲಿ ಹಂಡೆಯ ಮಾತೇ ಹೆಚ್ಚೇ ಎಂಬುದನ್ನು ಆ ಭಾಗದ ಸದಸ್ಯರು ದಯವಿಟ್ಟು ತಿಳಿಸಬೇಕು. ‘ನೀರು ಕಾದಾವು’, ‘ನೀರು ಬಂದಾವು’ ಎಂದು ನೀರಿಗೆ ಬಹುವಚನ ಹಚ್ಚುವ ನಮ್ಮ ರೂಢಿಯನ್ನು ಇಂಥ ಬರಹದಲ್ಲಿ ಉಳಿಸಿಕೊಳ್ಳಬಹುದೇ ಎಂಬುದಕ್ಕೂ, ‘ಬಿರುಸು’, ‘ತಾಳುವ ಒತ್ತಡ’ ಎಂಬ ಎರಡಕ್ಕೂ ನಿಮ್ಮ ಅಭಿಪ್ರಾಯ ಬೇಕಾಗಿದೆ.