ಬೆಳ್ಳಗಾದ ಕುದುರೆಗೆ ‘ಬೂದು’ ಅನ್ನುವುದೆ, ‘ನರೆ’ ಅನ್ನುವುದೆ?

ಬಳಗದ ಎಲ್ಲರಿಗೂ ಧಾರವಾಡದಿಂದ ನಮಸ್ಕಾರ.

ಒಂದು ಅರ್ಜಿ ಬರೆಯಲು ಕೂತು, ಒಂದೇ ಒಂದು ಪದ ಸಿಗದೆ ನಾಲ್ಕು ದಿನದಿಂದ ಒದ್ದಾಡುತ್ತಿದ್ದೇನೆ. ಹುಬ್ಬಳ್ಳಿಯಲ್ಲಿ ಮದುವೆ ಮೆರವಣಿಗೆಗೆ ಕುದುರೆ ಕೊಡುವ ಮನೆತನವೊಂದು ನನಗೆ ಹಳೆಯ ಪರಿಚಯ. ಅಜ್ಜ ಟಾಂಗಾ ಹೊಡೆಯುತ್ತಿದ್ದರು, ಮೊಮ್ಮಗ ಹೈಸ್ಕೂಲಿನಲ್ಲಿ ನನ್ನ ಹತ್ತಿರ ಕನ್ನಡ ಕಲಿತವನು. ಅವನ ಕುದುರೆಯ ವಿಮೆ ನವೀಕರಿಸಲು ಹೋದರೆ ಕಚೇರಿಯವರು ಕಾಗದ ತಿರುಗಿಸಿ ಕೊಟ್ಟಿದ್ದಾರೆ. ಐದು ವರ್ಷದ ಹಿಂದಿನ ಕಾಗದದಲ್ಲಿ ಬಣ್ಣದ ಮುಂದೆ ‘ಕಪ್ಪು ಬೂದು’ ಎಂದಿದೆ, ಈಗ ಕಟ್ಟಿಹಾಕಿರುವ ಕುದುರೆ ಬಿಳಿ, ಆದ್ದರಿಂದ ಇದು ಬೇರೆ ಕುದುರೆ ಎಂಬುದು ಅವರ ವಾದ.

ಹುಡುಗ ನನ್ನನ್ನು ಲಾಯಕ್ಕೆ ಕರೆದುಕೊಂಡು ಹೋಗಿ ಕುದುರೆಯ ತುಟಿ ಎತ್ತಿ ತೋರಿಸಿದ. “ನೋಡ್ರಿ ಸರ, ತುಟಿ ಕರ್ರಗ ಐತಿ, ಕಣ್ಣಿನ ಸುತ್ತ ಕರ್ರಗ ಐತಿ. ಇದು ಸಬ್ಜಾ. ಹುಟ್ಟಿದಾಗ ಇದ್ದಲಿ ಹಂಗ ಇತ್ತು. ನುಕ್ರಾ ಬ್ಯಾರೆ, ಅದು ಹುಟ್ಟಾನ ಬೆಳ್ಳಗ. ಮಂದಿಗೆ ಎರಡೂ ಬಿಳೇವ ಕಾಣ್ತಾವ.” ಆ ಮಂದಿಯಲ್ಲಿ ನಾನೂ ಒಬ್ಬ. ಮೂವತ್ತು ವರ್ಷ ಕನ್ನಡ ಕಲಿಸಿದವನಿಗೆ ‘ಬಿಳಿ ಕುದುರೆ’ ಎಂಬ ಎರಡು ಪದದೊಳಗೆ ಇಷ್ಟೊಂದು ಬೇರೆ ಬೇರೆ ಪ್ರಾಣಿಗಳಿವೆ ಎಂದು ಅವತ್ತೇ ಗೊತ್ತಾದದ್ದು.

ಅವನು ಹೇಳಿದ್ದು ನಿಜ. ಇಂಗ್ಲಿಷಿನವರು ‘ಗ್ರೇ’ ಎನ್ನುವ ಕುದುರೆ ಕಪ್ಪಾಗಿಯೋ ಕಂದಾಗಿಯೋ ಕೆಂಪಾಗಿಯೋ ಹುಟ್ಟುತ್ತದೆ. ಮರಿಯ ಕಣ್ಣಿನ ಸುತ್ತ ಮೊದಲು ಬಿಳಿ ಕೂದಲು ಇಣುಕುತ್ತವೆ. ಆಮೇಲೆ ಮೈಯೆಲ್ಲ ಉಕ್ಕಿನ ಬಣ್ಣ, ಅದರ ಮೇಲೆ ಬಟ್ಟಲು ಬಟ್ಟಲಾಗಿ ಮಚ್ಚೆ, ಸಾಮಾನ್ಯವಾಗಿ ಆರೆಂಟು ವರ್ಷದ ಹೊತ್ತಿಗೆ ಪೂರ್ತಿ ಬಿಳಿ. ಕೆಲವಕ್ಕೆ ಆ ಬಿಳಿಯ ಮೇಲೆ ಕುಂಕುಮ ಉದುರಿಸಿದ ಹಾಗೆ ಸಣ್ಣ ಕೆಂಚುಕ್ಕೆ ಏಳುತ್ತವೆ. ಕೂದಲು ಮಾತ್ರ ಬೆಳ್ಳಗಾಗುತ್ತದೆ, ಕೆಳಗಿನ ಚರ್ಮ ಕಪ್ಪಾಗಿಯೇ ಉಳಿಯುತ್ತದೆ. ಇದಕ್ಕೆ ಕಾರಣವಾದ ವಂಶವಾಹಿಯ ಬದಲಾವಣೆಯನ್ನು ಸ್ವೀಡನ್ನಿನ ಉಪ್ಸಲಾದ ವಿಜ್ಞಾನಿಗಳ ನೇತೃತ್ವದ ತಂಡ 2008ರಲ್ಲಿ ಗುರುತಿಸಿತು. ತಂದೆತಾಯಿಗಳಲ್ಲಿ ಒಂದಾದರೂ ಹೀಗೆ ಬೆಳ್ಳಗಾಗುವ ಕುದುರೆಯಾಗಿರದಿದ್ದರೆ ಮರಿ ಹೀಗಾಗುವುದಿಲ್ಲ. ವಯಸ್ಸಾದ ಮೇಲೆ ಇವುಗಳ ಬಾಲದ ಬುಡದಲ್ಲಿ ಕಪ್ಪು ಗಂಟುಗಳು ಏಳುವುದು ತೀರ ಸಾಮಾನ್ಯ. ಆದ್ದರಿಂದ ಕೊಳ್ಳುವವನಿಗೂ ಸಾಕುವವನಿಗೂ ಈ ವ್ಯತ್ಯಾಸ ಗೊತ್ತಿರಲೇಬೇಕು.

ಈಗ ಪದದ ವಿಷಯ. ನಿಘಂಟು ನೋಡಿ ‘ಗ್ರೇ’ಗೆ ‘ಬೂದು’ ಎಂದು ಬರೆದವರದು ಸಣ್ಣ ತಪ್ಪಲ್ಲ. ಬೂದು ಒಂದು ಬಣ್ಣ, ನಿಂತ ಬಣ್ಣ. ಈ ಕುದುರೆಯ ಮೈಯಲ್ಲಿ ಬೂದಿ ಬಣ್ಣದ ಕೂದಲು ಹುಡುಕಿದರೂ ಸಿಗುವುದು ಕಷ್ಟ. ಇರುವುದು ಕಪ್ಪು ಕೂದಲ ನಡುವೆ ಬಿಳಿ ಕೂದಲು, ವರ್ಷ ವರ್ಷಕ್ಕೆ ಬಿಳಿಯದೇ ಮೇಲುಗೈ. ಇದಕ್ಕೆ ನಮ್ಮಲ್ಲಿ ಹೇಳಿ ಮಾಡಿಸಿದ ಮಾತಿದೆ: ನರೆ. ತಲೆ ನರೆಯಿತು, ಗಡ್ಡ ನರೆಯಿತು ಅನ್ನುತ್ತೇವೆ, ತಲೆ ಬೂದಾಯಿತು ಅನ್ನುವುದಿಲ್ಲ. ಹಾಗಾದರೆ ಇದು ನರೆಗುದುರೆ. ಆ ಕಾಗದದಲ್ಲಿ ಐದು ವರ್ಷದ ಹಿಂದೆ ‘ನರೆಯುತ್ತಿರುವ ಕಪ್ಪು’ ಎಂದು ಬರೆದಿದ್ದರೆ ಇವತ್ತು ತಕರಾರೇ ಏಳುತ್ತಿರಲಿಲ್ಲ.

‘ಬೂದು’ ಪದವನ್ನು ಉಳಿಸಿಕೊಳ್ಳಬೇಕಾದ ಕುದುರೆ ಬೇರೆಯೇ ಇದೆ. ಪ್ರತಿ ಕೂದಲೂ ಬೂದಿ ಬಣ್ಣ, ಬೆನ್ನ ಮೇಲೆ ಕತ್ತೆಗಿರುವಂಥ ಕರಿಗೆರೆ, ಸಾಯುವತನಕ ಅದೇ ಬಣ್ಣ.

ಸಬ್ಜಾ, ನುಕ್ರಾ ಎಂಬ ಮಾತುಗಳನ್ನೇ ಇಟ್ಟುಕೊಳ್ಳಬಹುದಲ್ಲ ಎಂದು ನೀವು ಕೇಳಬಹುದು. ಲಾಯದಲ್ಲಿ ಅವೇ ಇರಲಿ, ಅವು ಅಲ್ಲಿನ ಜೀವಂತ ಮಾತುಗಳು. ನುಕ್ರಾ ಎಂದರೆ ಬೆಳ್ಳಿ. ಸಬ್ಜಾ ಬಂದದ್ದು ಹಸಿರು ಎಂಬರ್ಥದ ಪಾರ್ಸಿ ಮಾತಿನಿಂದ. ಆದರೆ ಲಾಯದ ಹೊರಗೆ ಸಬ್ಜಾ ಅಂದರೆ ನಮ್ಮ ಜನಕ್ಕೆ ಶರಬತ್ತಿಗೆ ಹಾಕುವ ಕಾಮಕಸ್ತೂರಿ ಬೀಜ ನೆನಪಾಗುತ್ತದೆ. ಕಚೇರಿಯ ಕಾಗದಕ್ಕೆ ಓದಿದ ಕೂಡಲೇ ತಿಳಿಯುವ ಕನ್ನಡ ಬೇಕು. ನುಕ್ರಾಗೆ ‘ಹುಟ್ಟುಬಿಳಿ’ ಎಂದು ನನ್ನ ಸೂಚನೆ. ಹುಟ್ಟುಕುರುಡ, ಹುಟ್ಟುಗುಣ ಇದ್ದ ಹಾಗೆ. ಚರ್ಮ ಗುಲಾಬಿ, ಬಿಸಿಲಿಗೆ ಮೂಗು ಸುಡುತ್ತದೆ. ಇದನ್ನು ‘ಅಲ್ಬಿನೊ’, ಅಂದರೆ ಮೈಯಲ್ಲೂ ಕಣ್ಣಲ್ಲೂ ಬಣ್ಣವೇ ಇಲ್ಲದ ಪ್ರಾಣಿ, ಎನ್ನುವವರಿದ್ದಾರೆ, ಅದು ಸರಿಯಲ್ಲ. ಇವುಗಳ ಕಣ್ಣು ಕಂದಾಗಿರುತ್ತವೆ, ಇಲ್ಲವೆ ನೀಲಿ. ಹುಟ್ಟುಬಿಳಿ, ನರೆಬಿಳಿ: ತುಟಿ ಎತ್ತಿ ನೋಡಿ ಯಾರು ಬೇಕಾದರೂ ಹೇಳಬಹುದಾದ ಎರಡು ಪದ.

ನೀಲಿ ಕಣ್ಣಿನವುಗಳಲ್ಲಿ ಕೆಲವು ಪೂರ್ತಿ ಬಿಳಿಯಲ್ಲ, ಕೆನೆ ಬಣ್ಣ. ಇದನ್ನು ಹುಡುಕುತ್ತಾ ಹೋದಾಗ 12ನೇ ಶತಮಾನದ ಜೈನ ವಿದ್ವಾಂಸ ಹೇಮಚಂದ್ರನ ಅಭಿಧಾನಚಿಂತಾಮಣಿ ಎಂಬ ಸಂಸ್ಕೃತ ಕೋಶದಲ್ಲಿ ಕುದುರೆ ಬಣ್ಣದ ಹೆಸರುಗಳ ಸಾಲೇ ಸಿಕ್ಕಿ ರಾತ್ರಿ ನಿದ್ದೆ ಬರಲಿಲ್ಲ. ಬಿಳಿಯದಕ್ಕೆ ಕರ್ಕ, ಕೋಕಾಹ. ಕಪಿಲ, ಅಂದರೆ ಕಂದುಹಳದಿ, ಮೈಯಿದ್ದು ಕೇಸರವೂ ಬಾಲವೂ ಬಿಳುಪಾದರೆ ವೊಲ್ಲಾಹ. ಇದು ಇವತ್ತು ಪ್ಯಾಲೊಮಿನೊ ಎನ್ನುವ ಕುದುರೆಯ ಚಿತ್ರವೇ! ಸ್ವಲ್ಪ ಹಳದಿಯಾಗಿದ್ದು ಮೊಣಕಾಲು ಕಪ್ಪಾದರೆ ಕುಲಾಹ. ಕತ್ತೆ ಬಣ್ಣದ್ದು ಸುರೂಹಕ, ಅಂದರೆ ನಾನು ಮೇಲೆ ಹೇಳಿದ ನಿಜವಾದ ಬೂದು. ಇಂಥ ಪದಗಳು ದೇಶಿಪ್ರಾಯ, ಹೆಚ್ಚುಕಡಿಮೆ ಆಡುಮಾತಿನವು ಎಂದು ಹೇಮಚಂದ್ರನೇ ಈ ಕೋಶಕ್ಕೆ ತಾನು ಬರೆದ ವೃತ್ತಿಯಲ್ಲಿ, ಅಂದರೆ ವ್ಯಾಖ್ಯಾನದಲ್ಲಿ, ಹೇಳುತ್ತಾನೆ. ಕುದುರೆಯ ಜೊತೆಗೆ ಕುದುರೆ ವ್ಯಾಪಾರಿಗಳ ಮಾತೂ ಪಡುವಣದಿಂದ ಬಂದಿರಬೇಕು ಎಂದು ನನಗನ್ನಿಸುತ್ತದೆ.

ಆ ಸಾಲಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಸೇರಾಹ. ಅದು ಪೀಯೂಷವರ್ಣದ ಕುದುರೆ. ಪೀಯೂಷ ಅಂದರೆ ಅಮೃತ ಎಂದು ಎಲ್ಲರೂ ಅರ್ಥ ಹೇಳಿ ಮುಂದೆ ಹೋಗುತ್ತಾರೆ. ಆದರೆ ಅದಕ್ಕೆ ಇನ್ನೊಂದು ಅರ್ಥವಿದೆ, ಈದ ಆಕಳಿನ ಮೊದಲ ದಿನಗಳ ಹಾಲು. ನಮ್ಮ ಗಿಣ್ಣ! ಅಮೃತದ ಬಣ್ಣ ಕಂಡವರಿಲ್ಲ, ಗಿಣ್ಣದ ಬಣ್ಣ ನಮ್ಮ ಮನೆಯ ಮಕ್ಕಳಿಗೂ ಗೊತ್ತು. ಕೆನೆ ಬಣ್ಣದ ಕುದುರೆಗೆ ‘ಗಿಣ್ಣಬಣ್ಣದ ಕುದುರೆ’ ಎಂದರೆ ಇದಕ್ಕಿಂತ ನಿಖರವಾದ ಮಾತು ನನಗೆ ತೋಚುತ್ತಿಲ್ಲ.

ದನದ ವಿಷಯದಲ್ಲಿ ನಮ್ಮವರಿಗೆ ಈ ಬಡತನವಿಲ್ಲ. ಕೆಂದ, ಕರಿಯ, ಕಪಿಲೆ, ಹಂಡ ಎಂದು ದೂರದಿಂದಲೇ ಬೇರೆ ಮಾಡುತ್ತಾರೆ. ಕಿಲಾರಿ ಕರು ನೆತ್ತಿ ಕೆಂಪಾಗಿ ಹುಟ್ಟಿ, ಕೆಲವು ತಿಂಗಳಲ್ಲಿ ಆ ಕೆಂಪು ಮಾಯವಾಗುವುದು ಹಾವೇರಿಯ ಒಕ್ಕಲಿಗನಿಗೆ ಗೊತ್ತಿರುವ ಸಂಗತಿ. ಬಣ್ಣ ಬದಲಾಯಿತೆಂದು ಕರುವೇ ಬೇರೆ ಅಂತ ಅವನು ಅನ್ನುವುದಿಲ್ಲ.

ನನ್ನ ಅಳುಕು ಒಂದೇ. ನರೆ ಎಂದ ಕೂಡಲೇ ‘ನರೆ-ತೆರೆ’ ಎಂಬ ಜೋಡಿ ಬಾಯಿಗೆ ಬರುತ್ತದೆ, ಮುಪ್ಪು ನೆನಪಾಗುತ್ತದೆ. ನಾಲ್ಕು ವರ್ಷದ ಎಳೆಯ ಕುದುರೆಯನ್ನು ನರೆಗುದುರೆ ಎಂದರೆ ಓದುವವರಿಗೆ ಮುದಿ ಕುದುರೆ ಎಂದು ಕೇಳಿಸೀತೆ? ಎಳೆ ವಯಸ್ಸಿಗೇ ಕೂದಲು ನರೆಯುವುದಕ್ಕೆ ಬಾಲನೆರೆ ಎಂಬ ಮಾತು ಬಳಕೆಯಲ್ಲಿದೆಯಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಗದಗ, ರಾಣೆಬೆನ್ನೂರು ಕಡೆಯವರು, ಅದರಲ್ಲೂ ದೇವರಗುಡ್ಡದ ಸುತ್ತ ಮೈಲಾರಲಿಂಗನ ಕುದುರೆಯ ಹಾಡು ಕೇಳಿ ಬೆಳೆದವರು, ಕರ್ರಗೆ ಹುಟ್ಟಿ ಬೆಳ್ಳಗಾಗುವ ಕುದುರೆಗೆ ನಿಮ್ಮ ಊರಲ್ಲಿ ಏನನ್ನುತ್ತಾರೆ ಎಂದು ದಯವಿಟ್ಟು ಬರೆಯಿರಿ. ಹಿರಿಯರನ್ನು ಕೇಳಿ ಬರೆದರೆ ಇನ್ನೂ ಒಳ್ಳೆಯದು.

ಸದ್ಯಕ್ಕೆ ಅರ್ಜಿಯಲ್ಲಿ ಹೀಗೆ ಬರೆದಿಟ್ಟಿದ್ದೇನೆ: “ಈ ಕುದುರೆ ಹುಟ್ಟುಗಪ್ಪು, ನರೆಬಿಳಿ. ತುಟಿ, ಮೂಗು, ಕಣ್ಣಿನ ಸುತ್ತಲಿನ ಚರ್ಮ ಈಗಲೂ ಕಪ್ಪಾಗಿವೆ.” ಹುಡುಗ ಸೋಮವಾರ ಕಚೇರಿಗೆ ಹೋಗುತ್ತಾನೆ. ಇದರಲ್ಲಿ ತಿದ್ದುವ ಪದವಿದ್ದರೆ ಅಷ್ಟರೊಳಗೆ ತಿಳಿಸಿ.