ಪದಚರ್ಚೆ: ಪರದೆಯ ‘ಮೋಡ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಡಾಸ್‌ನಲ್ಲಿ ಮೋಡ್ ಅನ್ನೋ ಒಂದು ಪುಟ್ಟ ಕಮಾಂಡ್ ಇದೆ. (ಡಾಸ್ ಅಂದರೆ ವಿಂಡೋಸ್ ಬರುವ ಮೊದಲು ಪಿಸಿಗಳನ್ನು ನಡೆಸುತ್ತಿದ್ದ ತಂತ್ರಾಂಶ. ಅದರಲ್ಲಿ ಕಮಾಂಡುಗಳನ್ನು ಟೈಪ್ ಮಾಡಿ ಕೆಲಸ ಮಾಡಿಸಬೇಕಿತ್ತು.) ಅದಕ್ಕೆ ಕನ್ನಡದಲ್ಲಿ ಸಹಾಯ ಪುಟ ಬರೆಯುತ್ತಿದ್ದೇನೆ. ಹಳೆಯ ಕಂಪ್ಯೂಟರುಗಳ ಬಗ್ಗೆ ಕುತೂಹಲ ಇರುವ ಹುಡುಗ ಹುಡುಗಿಯರು ಓದಲಿ ಅನ್ನುವುದು ಆಸೆ. ಕಮಾಂಡ್ ಮಾಡುವ ಕೆಲಸ ವಿವರಿಸುವುದು ಅಷ್ಟೇನೂ ಕಷ್ಟವಲ್ಲ. ತೊಡಕಾಗಿರುವುದು ಅದರ ಹೆಸರು. ‘ಮೋಡ್’ಗೆ ಕನ್ನಡದಲ್ಲಿ ಏನು ಬರೆಯಬೇಕು? ನನಗೆ ಒಂದು ದಾರಿ ಹೊಳೆದಿದೆ. ಅದು ನಡೆಯುತ್ತದೆಯೇ ಅಂತ ನೀವು ಹೇಳಬೇಕು.

ಈ ಕಮಾಂಡ್ ಬಳಸದವರಿಗೆ ಸ್ವಲ್ಪ ಹಿನ್ನೆಲೆ ಬೇಕು. 1981ರಲ್ಲಿ ಐಬಿಎಂ ಪಿಸಿ ಬಂದಾಗ ಅದಕ್ಕೆ ಎರಡು ಬಗೆಯ ಪರದೆ ಕಾರ್ಡ್ ಸಿಗುತ್ತಿತ್ತು. ಒಂದು ಆಫೀಸಿನ ಬರವಣಿಗೆಗೆ, ಒಂದೇ ಬಣ್ಣದ್ದು. ಅದರಲ್ಲಿ ಸಾಲಿಗೆ 80 ಅಕ್ಷರ, ಒಟ್ಟು 25 ಸಾಲು. ಇನ್ನೊಂದು ಬಣ್ಣದ್ದು, ಸಿಜಿಎ. ಅದನ್ನು ಟಿವಿಗೂ ಜೋಡಿಸಬಹುದಿತ್ತು. ಆದರೆ ಆಗಿನ ಟಿವಿಯಲ್ಲಿ ಸಾಲಿಗೆ 80 ಅಕ್ಷರ ಹಾಕಿದರೆ ಎಲ್ಲ ಮಸುಕು ಮಸುಕು, ಓದೋಕೆ ಆಗಲ್ಲ. ಅದಕ್ಕೇ 40 ಅಕ್ಷರದ ಇನ್ನೊಂದು ಏರ್ಪಾಟು ಇಟ್ಟರು. ‘ಮೋಡ್ ಸಿಒ40’ ಅಂದರೆ ಬಣ್ಣದಲ್ಲಿ 40. ‘ಮೋಡ್ ಸಿಒ80’ ಅಂದರೆ ಬಣ್ಣದಲ್ಲಿ 80. ‘ಬಿಡಬ್ಲ್ಯು80’ ಅಂದರೆ ಅದೇ 80, ಬಣ್ಣ ಬೇಡ.

ಟಿವಿಯ ಅಂಚಿನಲ್ಲಿ ಅಕ್ಷರ ಕತ್ತರಿಸಿಹೋಗುವುದೂ ಇತ್ತು. ಅದಕ್ಕೂ ಈ ಕಮಾಂಡಿನಲ್ಲೇ ಉಪಾಯ ಇದೆ. ‘ಮೋಡ್ ಸಿಒ40,ಆರ್,ಟಿ’ ಅಂತ ಕೊಟ್ಟರೆ ಪರದೆಯ ಚಿತ್ರ ಬಲಕ್ಕೆ ಸರಿಯುತ್ತದೆ. ಸೊನ್ನೆಯಿಂದ ಒಂಬತ್ತರವರೆಗಿನ ಅಂಕೆಗಳು ಸಾಲು ಪೂರ್ತಿ ಮತ್ತೆ ಮತ್ತೆ ಬರುತ್ತವೆ. ತುದಿಯ ಅಂಕೆ ಕಾಣುತ್ತಿದೆಯೇ ಅಂತ ಅದು ಕೇಳುತ್ತದೆ. ಕಾಣುವವರೆಗೆ ಸರಿಸುತ್ತಾ ಹೋಗಬಹುದು. ಇದನ್ನು ಯೋಚಿಸಿ ಮಾಡಿದವರ ಮೇಲೆ ನನಗೆ ತುಂಬಾ ಗೌರವ. ಮನೆಯಲ್ಲಿರೋ ಟಿವಿ ಎಂಥದ್ದೋ ಏನೋ, ಅದರಲ್ಲೂ ಓದೋಕೆ ಆಗಬೇಕು ಅನ್ನೋ ಕಾಳಜಿ ಅದರಲ್ಲಿದೆ.

ಆಮೇಲೆ ಇನ್ನೂ ಒಳ್ಳೆಯ ಪರದೆ ಏರ್ಪಾಟುಗಳು, 1984ರಲ್ಲಿ ಇಜಿಎ, 1987ರಲ್ಲಿ ವಿಜಿಎ ಬಂದವು. ಸಾಲುಗಳ ಸಂಖ್ಯೆಯನ್ನೂ ಬದಲಿಸುವಂತಾಯಿತು. ‘ಮೋಡ್ ಕಾನ್ ಲೈನ್ಸ್=50’ ಅಂದರೆ 50 ಸಾಲು. ಲೆಕ್ಕ ಸುಲಭ. ವಿಜಿಎ ಅಕ್ಷರದ ಪರದೆಯಲ್ಲಿ (ಅಂದರೆ ಟೆಕ್ಸ್ಟ್ ಮೋಡಿನಲ್ಲಿ) ಮೇಲಿನಿಂದ ಕೆಳಕ್ಕೆ 400 ಚುಕ್ಕಿ. ಅಕ್ಷರದ ಎತ್ತರ 16 ಚುಕ್ಕಿ ಆದರೆ 25 ಸಾಲು, 8 ಚುಕ್ಕಿ ಆದರೆ 50 ಸಾಲು. ಇಜಿಎಯಲ್ಲಿ 350 ಚುಕ್ಕಿ ಇರುವುದರಿಂದ 8 ಚುಕ್ಕಿಯ ಅಕ್ಷರದಲ್ಲಿ 43 ಸಾಲು ಕೂರುತ್ತದೆ, ಕೆಳಗೆ ಒಂಚೂರು ಜಾಗ ಉಳಿಯುತ್ತದೆ. ಎಂಎಸ್-ಡಾಸ್‌ನಲ್ಲಿ ಇದು ನಡೆಯಬೇಕಾದರೆ ಆನ್ಸಿ.ಸಿಸ್ ಅನ್ನೋ ಡ್ರೈವರ್ ಮೊದಲೇ ಲೋಡ್ ಆಗಿರಬೇಕು. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟಿನಲ್ಲಿ ಈ ಕಮಾಂಡ್ ಇವತ್ತಿಗೂ ಇದೆ.

ಇಷ್ಟೇ ಆಗಿದ್ದರೆ ‘ಪರದೆಯ ಅಳತೆ’ ಅಂತ ಬರೆದು ಮುಗಿಸಬಹುದಿತ್ತು. ಆದರೆ ಇದೇ ಕಮಾಂಡ್ ಮೋಡೆಮ್‌ನಂಥ ಸಾಧನ ಜೋಡಿಸುವ ಸೀರಿಯಲ್ ಪೋರ್ಟಿನ ವೇಗವನ್ನೂ ಹೊಂದಿಸುತ್ತದೆ, ಪ್ರಿಂಟರ್ ಸಾಲಿನ ಅಗಲವನ್ನೂ ಹೊಂದಿಸುತ್ತದೆ. ಕೀಲಿಯನ್ನು ಒತ್ತಿ ಹಿಡಿದರೆ ಅಕ್ಷರ ಎಷ್ಟು ಬೇಗ ಮರುಕಳಿಸಬೇಕು ಅನ್ನುವುದೂ ಇದರ ಕೈಯಲ್ಲೇ. ಇನ್ನೂ ಒಂದು ಇದೆ. ಮೊದಲು ಹೇಳಿದ ಎರಡು ಕಾರ್ಡುಗಳ, ಅಂದರೆ ಒಂದೇ ಬಣ್ಣದ್ದು ಮತ್ತು ಸಿಜಿಎ, ಮೆಮೊರಿ ಬೇರೆ ಬೇರೆ ಜಾಗದಲ್ಲಿ ಇದ್ದಿದ್ದರಿಂದ ಒಂದೇ ಪಿಸಿಯಲ್ಲಿ ಎರಡನ್ನೂ ಹಾಕಿ ಎರಡು ಮಾನಿಟರ್ ಇಟ್ಟುಕೊಳ್ಳಬಹುದಿತ್ತು. ಆಗ ‘ಮೋಡ್ ಮೋನೋ’ ಅಂದರೆ ಒಂದೇ ಬಣ್ಣದ ಮಾನಿಟರಿಗೆ ಹೋಗು, ‘ಮೋಡ್ ಸಿಒ80’ ಅಂದರೆ ಬಣ್ಣದ ಮಾನಿಟರಿಗೆ ಬಾ ಅಂತ ಅರ್ಥ. ಅಂದರೆ ಒಂದೇ ಪದದಲ್ಲಿ ಅಳತೆ, ಬಣ್ಣ, ವೇಗ, ಜಾಗ ಎಲ್ಲ ತುಂಬಿಕೊಂಡಿದೆ.

ಈಗ ಕನ್ನಡಕ್ಕೆ ಬರೋಣ. ಮೊದಲು ನೆನಪಾಗುವುದು ‘ವಿಧಾನ’. ಇದು ಸರಿಹೋಗಲ್ಲ. ವಿಧಾನ ಅಂದರೆ ನಾವು ಕೆಲಸ ಮಾಡೋ ರೀತಿ, ಅಡುಗೆ ಮಾಡುವ ವಿಧಾನ ಅಂತೀವಲ್ಲ ಹಾಗೆ. ಇಲ್ಲಿ ಪರದೆ ಏನನ್ನೂ ಮಾಡುತ್ತಿಲ್ಲ, ಒಂದು ಏರ್ಪಾಟಿನಲ್ಲಿ ನಿಂತಿದೆ ಅಷ್ಟೆ. ‘ಬಗೆ’ ಚಿಕ್ಕ ಪದ, ನನಗೆ ಇಷ್ಟ. ಆದರೆ ‘ಪರದೆಯ ಬಗೆ’ ಅಂದರೆ ಯಾರಿಗಾದರೂ ಹಳೇ ಡಬ್ಬ ಮಾನಿಟರೋ ತೆಳು ಮಾನಿಟರೋ ಅಂತ ಅನಿಸುತ್ತದೆ. ಬಗೆ ಅಂದರೆ ವಸ್ತುವೇ ಬೇರೆ. ಮೋಡ್ ಅಂದರೆ ವಸ್ತು ಅದೇ, ಇರುವ ರೀತಿ ಬೇರೆ. ‘ಸ್ಥಿತಿ’ ಅರ್ಥಕ್ಕೆ ಹತ್ತಿರ ಬರುತ್ತದೆ. ತೊಂದರೆ ಏನೆಂದರೆ ಇದೇ ಕಮಾಂಡಿಗೆ ‘ಸ್ಟೇಟಸ್’ ಅನ್ನೋ ಆಯ್ಕೆ ಇದೆ. ಅದಕ್ಕೆ ನಾವೆಲ್ಲ ಈಗಾಗಲೇ ‘ಸ್ಥಿತಿ’ ಅನ್ನುತ್ತೇವೆ. ಎರಡಕ್ಕೂ ಒಂದೇ ಪದ ಇಟ್ಟರೆ ಓದುವವರಿಗೆ ಗೊಂದಲ.

‘ವರಸೆ’ ಬಗ್ಗೆ ತುಂಬಾ ಹೊತ್ತು ಯೋಚಿಸಿದೆ. ‘ವರಸೆ ಬದಲಿಸಿದ’ ಅನ್ನೋ ಮಾತು ಎಲ್ಲರ ಬಾಯಲ್ಲೂ ಇದೆ. ಕುಸ್ತಿಯಲ್ಲಿದೆ, ಕತ್ತಿವರಸೆಯಲ್ಲಿದೆ. ಸಂಗೀತ ಕಲಿಯೋರು ಸರಳೆ ವರಸೆಯಿಂದಲೇ ಶುರು ಮಾಡುತ್ತಾರೆ. ಒಂದು ಹೊತ್ತಿಗೆ ಒಂದೇ ವರಸೆ, ಬೇಕಾದಾಗ ಬದಲಿಸಬಹುದು. ಇದು ಮೋಡ್ ಅನ್ನುವುದಕ್ಕೆ ಚೆನ್ನಾಗಿ ಒಪ್ಪುತ್ತದೆ. ಆದರೆ ಇವತ್ತಿನ ಪತ್ರಿಕೆಗಳಲ್ಲಿ ‘ವರಸೆ ಬದಲಿಸಿದರು’ ಅಂದರೆ ಮಾತು ತಪ್ಪಿದರು ಅನ್ನೋ ವಾಸನೆ ಬಂದುಬಿಟ್ಟಿದೆ. ಸಹಾಯ ಪುಟದಲ್ಲಿ ಆ ವಾಸನೆ ಬೇಡ. ಬೇರೆ ಎಲ್ಲಾದರೂ ಈ ಪದ ಬಳಕೆಗೆ ಬಂದರೆ ನನಗಂತೂ ಸಂತೋಷ.

ಪದಕೋಶ ಬಿಟ್ಟು ಜನ ಏನಂತಾರೆ ಅಂತ ಗಮನಿಸಿದಾಗ ದಾರಿ ಕಂಡಿತು. ‘ಫೋನ್ ಸೈಲೆಂಟಿಗೆ ಹಾಕು’ ಅಂತೀವಿ. ‘ಫ್ಯಾನ್ ಮೂರಕ್ಕೆ ಇಡು’ ಅಂತೀವಿ. ‘ಗಾಡಿ ನ್ಯೂಟ್ರಲ್ಲಿಗೆ ಹಾಕು’ ಅಂತೀವಿ. ಈ ಮೂರರಲ್ಲೂ ಮೋಡ್ ಇದೆ, ಆದರೆ ಮೋಡ್ ಅನ್ನೋ ಪದ ಇಲ್ಲ. ಅದರ ಕೆಲಸವನ್ನು ‘ಗೆ, ಕ್ಕೆ’ ಅನ್ನೋ ಪ್ರತ್ಯಯ ಮಾಡುತ್ತಿದೆ. ಜೊತೆಗೆ ‘ಇಡು’ ಅಥವಾ ‘ಹಾಕು’ ಇದೆ. ಕನ್ನಡಕ್ಕೆ ಅಷ್ಟು ಸಾಕು. ಇಂಗ್ಲಿಷಿನಲ್ಲಿ ನಾಮಪದ ಹೊರುವ ಭಾರವನ್ನು ನಮ್ಮಲ್ಲಿ ಚತುರ್ಥಿ ವಿಭಕ್ತಿ ಹೊರುತ್ತದೆ. ಹಾಗಿದ್ದ ಮೇಲೆ ಪ್ರತಿ ವಾಕ್ಯದಲ್ಲೂ ಆ ನಾಮಪದಕ್ಕೆ ಸಮನಾದದ್ದನ್ನು ಹುಡುಕಿ ತುರುಕುವುದು ಯಾಕೆ?

ಆದ್ದರಿಂದ ‘ಪ್ರದರ್ಶನ ವಿಧಾನವನ್ನು 80 ಸ್ತಂಭಗಳ ವಿಧಾನಕ್ಕೆ ಬದಲಾಯಿಸುತ್ತದೆ’ ಅನ್ನುವ ಬದಲು ‘ಪರದೆಯನ್ನು ಬಣ್ಣದ 80ಕ್ಕೆ ಇಡುತ್ತದೆ’ ಅಂತ ಬರೆಯುತ್ತಿದ್ದೇನೆ. ‘ಸಾಲುಗಳನ್ನು 50ಕ್ಕೆ ಏರಿಸುತ್ತದೆ.’ ‘ಪೋರ್ಟಿನ ವೇಗವನ್ನು 9600ಕ್ಕೆ ಇಡುತ್ತದೆ.’ ಓದಿ ನೋಡಿ, ಎಲ್ಲೂ ಏನೂ ಬಿಟ್ಟುಹೋದ ಹಾಗೆ ಅನಿಸಲ್ಲ. ನಾಮಪದ ಬೇಕೇ ಬೇಕು ಅನ್ನೋ ಕಡೆ, ಅಂದರೆ ತಲೆಬರಹದಲ್ಲಿ ಮತ್ತು ಕೋಷ್ಟಕದಲ್ಲಿ, ‘ಮೋಡ್’ ಅಂತಲೇ ಉಳಿಸಿದ್ದೇನೆ. ಕಮಾಂಡಿನ ಹೆಸರೂ ಅದೇ ತಾನೆ.

ಇನ್ನು ‘ಕಾಲಂ’ ವಿಷಯ. ಮೇಲೆ ‘ಸಾಲಿಗೆ 80 ಅಕ್ಷರ’ ಅಂದೆನಲ್ಲ, ಇಂಗ್ಲಿಷಿನಲ್ಲಿ ಅದಕ್ಕೆ 80 ಕಾಲಂ ಅಂತಾರೆ. ಗಣಿತದ ‘ಕಂಬಸಾಲು’ ಇಲ್ಲಿ ಸರಿಯಾಗಲ್ಲ, ‘50 ಸಾಲು, 80 ಕಂಬಸಾಲು’ ಅಂದರೆ ಎರಡು ಸಾಲುಗಳು ಬಡಿದಾಡುತ್ತವೆ. ನಾನು ‘ಅಂಕಣ’ ಆರಿಸಿದ್ದೇನೆ. ಪತ್ರಿಕೆಯಲ್ಲಿ ವಾರ ವಾರ ಬರುವ ಬರಹದ ಅರ್ಥದಲ್ಲಿ ಎಲ್ಲರಿಗೂ ಈ ಪದ ಗೊತ್ತು. ಅದರ ಹಳೇ ಅರ್ಥ ಮಾತ್ರ ಇಲ್ಲಿಗೆ ಹೇಳಿ ಮಾಡಿಸಿದಂತಿದೆ. ಎರಡು ಕಂಬಗಳ ನಡುವಿನ ಜಾಗವೇ ಅಂಕಣ. ‘ಏಳಂಕಣದ ಮನೆ’ ಅಂತ ಮನೆಯ ಅಳತೆಯನ್ನೇ ಅಂಕಣದಲ್ಲಿ ಹೇಳುವ ರೂಢಿ ಇತ್ತು. ಪರದೆಯ ಕಾಲಮ್ಮೂ ಗೆರೆಯಲ್ಲ, ಒಂದು ಅಕ್ಷರ ಕೂರುವಷ್ಟು ಅಗಲದ ಜಾಗ. ‘80 ಅಂಕಣ, 25 ಸಾಲು’ ಕಿವಿಗೂ ಹಿತವಾಗಿದೆ. ಅಂಕಣ ಮತ್ತು ಸಾಲು ಸೇರುವ ಒಂದೊಂದು ಚೌಕಕ್ಕೆ ‘ಮನೆ’ ಅನ್ನಬಹುದು, ಚೌಕಾಬಾರದಲ್ಲಿ ಅನ್ನೋ ಹಾಗೆ. ಅಂದರೆ 80 ಅಂಕಣ, 25 ಸಾಲಿನ ಪರದೆಯಲ್ಲಿ 2000 ಮನೆ. ಒಂದೊಂದು ಮನೆಗೆ ಮೆಮೊರಿಯಲ್ಲಿ ಎರಡು ಬೈಟ್. ಒಂದು ಅಕ್ಷರಕ್ಕೆ, ಇನ್ನೊಂದು ಅದರ ಬಣ್ಣಕ್ಕೆ.

‘ಅಂಕಣ’ ಬೇಕು ಅನ್ನುವುದಕ್ಕೆ ಇನ್ನೂ ದೊಡ್ಡ ಕಾರಣ ಇದೆ. ಮೇಲೆ ನಾನೇ ‘ಸಾಲಿಗೆ 80 ಅಕ್ಷರ’ ಅಂತ ಬರೆದಿದ್ದೇನೆ. ಇಂಗ್ಲಿಷ್ ಲಿಪಿಗೆ ಅದು ನಿಜ. ಕನ್ನಡಕ್ಕೆ ನಿಜ ಅಲ್ಲ. ‘ಸ್ತ್ರೀ’ ನಮಗೆ ಒಂದೇ ಅಕ್ಷರ. ಲಿಪಿಗಳಿಗೆಲ್ಲ ಕಂಪ್ಯೂಟರ್ ಸಂಕೇತ ಕೊಡುವ ಯೂನಿಕೋಡಿನಲ್ಲಿ ಅದು ಆರು ಸಂಕೇತ. ಒಂದೇ ಅಳತೆಯ ಮನೆಗಳಲ್ಲಿ ಕೂರಿಸಲು ಹೋದರೆ ಒತ್ತುಗಳಿಗೆ ಕೆಳಗೆ ಜಾಗ ಬೇಕು, ಅಕ್ಕಪಕ್ಕದ ಮನೆಗೂ ಕೈಚಾಚಬೇಕು. 50 ಸಾಲಿನ ಪರದೆಯಲ್ಲಿ ಮನೆಯ ಎತ್ತರ 8 ಚುಕ್ಕಿ. ಅಷ್ಟರಲ್ಲಿ ತಲೆಕಟ್ಟು, ಅಕ್ಷರ, ಎರಡು ಒತ್ತು ಹಿಡಿಸುವುದು ಹೇಗೆ? ಸಾಲದ್ದಕ್ಕೆ ವಿಜಿಎ ಅಕ್ಷರದ ಪರದೆಯಲ್ಲಿ ಒಂದು ಹೊತ್ತಿಗೆ 256 ಆಕಾರ, ಹೆಚ್ಚೆಂದರೆ 512. ಐಐಟಿ ಕಾನ್ಪುರದಲ್ಲಿ ಹುಟ್ಟಿ, ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡ್ ಬೇಕಾಗಿದ್ದು ಇದಕ್ಕೇ. ಡಾಸ್ ಪರದೆಯಲ್ಲಿ ಭಾರತದ ಲಿಪಿಗಳು ಮೂಡಬೇಕಾದರೆ ಪಿಸಿಯೊಳಗೆ ಬೇರೆಯದೇ ಒಂದು ಕಾರ್ಡ್ ಕೂರಿಸಬೇಕಾಗಿತ್ತು. ‘ಅಕ್ಷರ’ ಅಂತ ಬರೆದರೆ ಕನ್ನಡದ ಅಕ್ಷರವೂ ಅಷ್ಟೇ ಕೂರುತ್ತದೆ ಅಂತ ಓದುಗರು ತಿಳಿದುಕೊಳ್ಳುತ್ತಾರೆ. ‘ಅಂಕಣ’ ಆ ಭರವಸೆ ಕೊಡಲ್ಲ. ಪುಟದಲ್ಲಿ ಎಲ್ಲ ಕಡೆ ಹಾಗೆ ತಿದ್ದುತ್ತಿದ್ದೇನೆ. ‘ಟೆಕ್ಸ್ಟ್ ಮೋಡ್’ಗೆ ಮಾತ್ರ ‘ಪಠ್ಯ’ ಬಳಸಿಲ್ಲ, ಅದು ಶಾಲೆಯ ಪಾಠವನ್ನು ನೆನಪಿಸುತ್ತದೆ. ‘ಅಕ್ಷರದ ಪರದೆ’, ‘ಚಿತ್ರದ ಪರದೆ’ ಅಂತ ಬೇರೆ ಮಾಡಿದ್ದೇನೆ.

ಒಂದು ಮಾತ್ರ ಇನ್ನೂ ಬಗೆಹರಿದಿಲ್ಲ. ಎರಡು ಮಾನಿಟರ್ ಇರುವಾಗ ಒಂದರಿಂದ ಇನ್ನೊಂದಕ್ಕೆ ಹೋಗುವುದಕ್ಕೆ ‘ಇಡು’ ಹೊಂದಲ್ಲ, ‘ಹಾಕು’ ಕೂಡ ಅರೆಬರೆ. ‘ಹೊರಳಿಸು’ ಅಂತ ಬರೆದಿದ್ದೇನೆ, ಮನಸ್ಸಿಗೆ ಪೂರ್ತಿ ಒಪ್ಪಿಲ್ಲ. ಧಾರವಾಡದ ಕಡೆ ‘ಫ್ಯಾನ್ ಹಚ್ಚು’ ಅಂತಾರೆ, ನಮ್ಮ ಮೈಸೂರಿನ ಕಡೆ ‘ಫ್ಯಾನ್ ಹಾಕು’. ಆ ಕಡೆಯವರು ಯಾರಾದರೂ ಹೇಳಿ. ಅಂಕಿ ಸೇರಿದಾಗಲೂ ‘ಮೂರಕ್ಕ ಹಚ್ಚು’ ಅಂತೀರಾ, ಇಲ್ಲಾ ಆಗ ‘ಇಡು’ ಬರುತ್ತಾ? ಒಂದು ಟಿವಿ ಚಾನೆಲ್‌ನಿಂದ ಇನ್ನೊಂದಕ್ಕೆ ಹೋಗುವಾಗ ನಿಮ್ಮ ಮನೆಯಲ್ಲಿ ಯಾವ ಕ್ರಿಯಾಪದ ಬಳಸುತ್ತಾರೆ? ಕರಾವಳಿಯವರೂ ತಿಳಿಸಿ.