ಟವರ್ ಜಾಗದ ಗುತ್ತಿಗೆ ನೋಂದಣಿ: ಜಮೀನಿನ ಒಂದು ಭಾಗಕ್ಕೆ 11ಇ ನಕ್ಷೆ ಬೇಕೇ?

ನಮಸ್ಕಾರ. ಮೊಬೈಲ್ ಟವರ್‌ಗಳಿಗೆ ಜಾಗ ಗೊತ್ತುಮಾಡಿ, ಮಾಲೀಕರೊಂದಿಗೆ ಗುತ್ತಿಗೆ ಕರಾರು ಮಾಡಿಸುವ ಕೆಲಸದಲ್ಲಿದ್ದೇನೆ. ಸಾಗರ ತಾಲ್ಲೂಕಿನ ಶರಾವತಿ ಹಿನ್ನೀರಿನ ಕಡೆಯ ಒಂದು ಊರಿನಲ್ಲಿ, ತಾಂತ್ರಿಕ ತಂಡ ಗುರುತಿಸಿದ ವ್ಯಾಪ್ತಿಯ ಬಹುಪಾಲು ಅರಣ್ಯ ಭೂಮಿಯೇ ಆಗಿರುವುದರಿಂದ, ರಸ್ತೆ ಮತ್ತು ವಿದ್ಯುತ್ ಎರಡೂ ತಲುಪುವ ಖಾಸಗಿ ಜಾಗ ಒಂದೇ ಸಿಕ್ಕಿದೆ. ಅಲ್ಲಿಯವರು 108ಕ್ಕೆ ಕರೆ ಮಾಡಲೂ ಗುಡ್ಡ ಹತ್ತಬೇಕು. ಈ ಜಾಗ ಕೈತಪ್ಪಬಾರದು ಎಂಬುದೇ ನನ್ನ ಕಳಕಳಿ.

ಪಹಣಿ ಮಾಲೀಕರ ತೀರಿಕೊಂಡ ತಂದೆಯವರ ಹೆಸರಿನಲ್ಲಿತ್ತು. ಗುತ್ತಿಗೆಯ ಅವಧಿ 20 ವರ್ಷ. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕಾದ್ದರಿಂದ, ವಂಶವೃಕ್ಷ ಮಾಡಿಸಿ, ಪೌತಿ ಖಾತೆಗೆ (ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸಲು) ಅರ್ಜಿ ಹಾಕಿಸಿ, ಅಣ್ಣತಮ್ಮಂದಿರ ಜೊತೆಗೆ ಪುಣೆಯಲ್ಲಿರುವ ತಂಗಿಯ ಹೆಸರನ್ನೂ ಜಂಟಿಯಾಗಿ ಸೇರಿಸಿದ್ದಾಯಿತು. ಹೆಣ್ಣುಮಕ್ಕಳ ಸಹಿ ಬೇಡ ಎಂದವರೂ ಇದ್ದರು, ಆದರೆ ಅದಕ್ಕೆ ನಾನು ಒಪ್ಪಲಿಲ್ಲ.

ಈಗ ಕೆಲಸ ನಿಂತಿರುವುದು ಇಲ್ಲಿ: ಸರ್ವೆ ನಂಬರಿನ ವಿಸ್ತೀರ್ಣ 2 ಎಕರೆ 10 ಗುಂಟೆ, ಟವರಿಗೆ ಬೇಕಿರುವುದು 4 ಗುಂಟೆ ಮಾತ್ರ. ಭಾಗವನ್ನಷ್ಟೇ ನೋಂದಾಯಿಸಲು 11ಇ ನಕ್ಷೆ (ಸರ್ವೆ ನಂಬರಿನ ಒಂದು ಭಾಗವನ್ನು ಅಳತೆ ಮಾಡಿಸಿ ಪಡೆಯುವ ಸರ್ವೆ ನಕ್ಷೆ) ಬೇಕೇಬೇಕು ಎಂದು ಪತ್ರಬರಹಗಾರರು ಹೇಳಿದರೆ, ಅದು ಕ್ರಯ, ವಿಭಾಗಗಳಂಥ ಪತ್ರಗಳಿಗೆ ಮಾತ್ರ, ಗುತ್ತಿಗೆಗೆ ಚೆಕ್ಕುಬಂದಿಯೂ (ನಾಲ್ಕು ದಿಕ್ಕಿನ ಗಡಿಗಳ ವಿವರ) ಕೈನಕ್ಷೆಯೂ ಸಾಕು ಎಂದು ವಕೀಲರು ಹೇಳುತ್ತಾರೆ. ಉಪನೋಂದಣಿ ಕಚೇರಿಯಲ್ಲಿ ವಿಚಾರಿಸಿದರೆ, ಪತ್ರ ತನ್ನಿ, ಆಮೇಲೆ ನೋಡೋಣ ಎನ್ನುತ್ತಾರೆ. ತಂಗಿಯವರನ್ನು ಅಷ್ಟು ದೂರದಿಂದ ಕರೆಸಿ, ಸಹಿಯಾಗದೆ ಹಿಂದಕ್ಕೆ ಕಳಿಸಲು ಮನಸ್ಸಾಗುತ್ತಿಲ್ಲ.

ಕೃಷಿ ಜಮೀನಿನ ಒಂದು ಭಾಗಕ್ಕೆ ಇತ್ತೀಚೆಗೆ ಟವರ್ ಗುತ್ತಿಗೆ ನೋಂದಾಯಿಸಿದವರು ದಯವಿಟ್ಟು ತಿಳಿಸಿ: 11ಇ ನಕ್ಷೆಯಿಲ್ಲದೆ ನೋಂದಣಿ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಾದ ಕಾವೇರಿ 2.0ರಲ್ಲಿ ಅರ್ಜಿ ಮುಂದುವರಿಯಿತೇ, ಅಥವಾ ಮೊದಲು ನಕ್ಷೆ ಮಾಡಿಸಬೇಕಾಯಿತೇ?